ಮೊದಲ ದೊಡ್ಡ ಬಾಟಲಿಗೆ ಮುಂಚೆ: ಗಂಡಸರ ಸೆಂಟಿನಲ್ಲಿ ಯಾವುದು, ಎಷ್ಟು ಎಂ.ಎಲ್.?

ನನ್ನ ಬೀರುವಿನ ಮೇಲಿನ ಅರೆಯಲ್ಲಿ ಹನ್ನೊಂದು ಸೆಂಟಿನ ಬಾಟಲಿಗಳಿವೆ. ಏಳು ವರ್ಷದಲ್ಲಿ ಪೂರ್ತಿ ಖಾಲಿಯಾಗಿ ಕಸಕ್ಕೆ ಹೋದದ್ದು ಎರಡೇ ಎರಡು. ಒಂದು ಭಾನುವಾರ ಸುಮ್ನೆ ಕೂತು ಲೆಕ್ಕ ಹಾಕಿದೆ. ಪುಸ್ ಅಂತ ಒಂದು ಸಲ ಒತ್ತಿದರೆ ಸುಮಾರು 0.1 ಎಂ.ಎಲ್. ಹೊರಗೆ ಬರುತ್ತದೆ. ಅಂದರೆ 100 ಎಂ.ಎಲ್. ಬಾಟಲಿಯಲ್ಲಿ ಸಾವಿರ ಸ್ಪ್ರೇ. ದಿನಾ ಮೂರು ಹೊಡೆದುಕೊಂಡರೆ ಒಂದು ಬಾಟಲಿ ಹನ್ನೊಂದು ತಿಂಗಳು ಬರುತ್ತದೆ. ಹನ್ನೊಂದು ಬಾಟಲಿ ಅಂದರೆ ಹತ್ತು ವರ್ಷ! ಇವತ್ತಿನಿಂದ ಒಂದನ್ನೂ ಕೊಳ್ಳದಿದ್ದರೂ ನನ್ನ ಮಗಳು ಹೈಸ್ಕೂಲು ಮುಗಿಸುವವರೆಗೆ ನನಗೆ ಸೆಂಟಿನ ಬರ ಇಲ್ಲ.

ಅದಕ್ಕೇ ಈಗ ಯಾರಾದರೂ "ಯಾವ ಸೆಂಟು ತಗೊಳ್ಳಲಿ?" ಅಂತ ಕೇಳಿದರೆ "ಎಷ್ಟು ಎಂ.ಎಲ್. ತಗೊಳ್ತೀರಿ?" ಅಂತ ತಿರುಗಿ ಕೇಳುತ್ತೇನೆ. ಹೆಸರು ಆಮೇಲೆ ನೋಡಿಕೊಳ್ಳೋಣ. ಹೆಸರಲ್ಲಿ ತಪ್ಪಿದರೂ 5 ಎಂ.ಎಲ್.ನಲ್ಲಿ ತಪ್ಪಿದರೆ ಐವತ್ತು ಸ್ಪ್ರೇಗೆ ಮುಗಿಯುತ್ತದೆ. 100 ಎಂ.ಎಲ್.ನಲ್ಲಿ ತಪ್ಪಿದರೆ ಅದು ವರ್ಷಗಟ್ಟಲೆ ಬೀರುವಿನಿಂದ ನಿಮ್ಮನ್ನೇ ನೋಡುತ್ತಿರುತ್ತದೆ. ನನ್ನ ಅರೆಯಲ್ಲಿ ಅಂಥದ್ದೊಂದಿತ್ತು. ಒಂದು ವಿದೇಶಿ ಕಂಪನಿಯದು, ಹೆಸರು ಬೇಡ. ವಾಸನೆ ನೋಡದೆ, ಬರೀ ಹೊಗಳಿಕೆ ಕೇಳಿ ಕೊಂಡದ್ದು. ಡಿಸೆಂಬರಿನಲ್ಲಿ ಪರವಾಗಿರಲಿಲ್ಲ. ಏಪ್ರಿಲ್‌ನಲ್ಲಿ ಹಾಕಿಕೊಂಡು ಮೆಟ್ರೋ ಹತ್ತಿದೆ ನೋಡಿ, ಮೂರು ಸ್ಟೇಷನ್ ದಾಟುವಷ್ಟರಲ್ಲಿ ನನ್ನ ಕಾಲರಿನಿಂದ ಬೆಲ್ಲದ ಪಾಕದಲ್ಲಿ ಹಲಸಿನ ಹಣ್ಣು ಬೇಯಿಸಿದ ಹಾಗೆ ವಾಸನೆ. ಪಕ್ಕದಲ್ಲಿ ನಿಂತಿದ್ದವರು ಮೆಲ್ಲಗೆ ಮುಂದಿನ ಬಾಗಿಲಿಗೆ ಸರಿದರು.

ಡಿಕ್ಯಾಂಟೋ, ಇಡೀ ಬಾಟಲಿಯೋ?

ದೊಡ್ಡ ಬಾಟಲಿಯಿಂದ 3, 5, 10 ಎಂ.ಎಲ್.ನ ಪುಟ್ಟ ಸೀಸೆಗಳಿಗೆ ತುಂಬಿಸಿ ಮಾರುವುದಕ್ಕೆ ಡಿಕ್ಯಾಂಟ್ ಅನ್ನುತ್ತಾರೆ. ಹತ್ತು ಸಾವಿರದ 100 ಎಂ.ಎಲ್. ಬಾಟಲಿ ಅಂತಿಟ್ಟುಕೊಳ್ಳಿ. ಸ್ಪ್ರೇ ಒಂದಕ್ಕೆ ಹತ್ತು ರೂಪಾಯಿ ಬಿತ್ತು. ಅದರದ್ದೇ 5 ಎಂ.ಎಲ್. ಡಿಕ್ಯಾಂಟಿಗೆ ಏಳುನೂರು ಕೊಟ್ಟರೆ ಸ್ಪ್ರೇಗೆ ಹದಿನಾಲ್ಕು. "ಅಯ್ಯೋ, ಇದು ದುಬಾರಿ" ಅಂತ ಇಡೀ ಬಾಟಲಿ ಕೊಳ್ಳುವವರೇ ಜಾಸ್ತಿ. ನಾನೂ ಹಾಗೇ ಮಾಡಿದವನು. ಆದರೆ ಹೊಡೆದುಕೊಳ್ಳದೆ ಉಳಿದ ಒಂಬೈನೂರು ಸ್ಪ್ರೇಗೂ ಹತ್ತತ್ತು ರೂಪಾಯಿ ಕೊಟ್ಟಿರುತ್ತೀವಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಡಿಕ್ಯಾಂಟಿನ ತೊಂದರೆ ಒಂದೇ, ನಂಬಿಕೆ. ಸೀಸೆಯೊಳಗೆ ಇರುವುದು ಅದೇನಾ, ಅದಕ್ಕೆ ಏನಾದರೂ ಬೆರೆಸಿದ್ದಾರಾ ಅಂತ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಗುರುತಿದ್ದವರಿಂದ, ಇಲ್ಲವೇ ಮೂಲ ಬಾಟಲಿಯನ್ನು ಕಣ್ಣಿಗೆ ತೋರಿಸುವವರಿಂದ ಮಾತ್ರ ತಗೊಳ್ಳಿ. ಕೆಲವು ಕಂಪನಿಗಳು ತಾವೇ ಸಣ್ಣ ಸೈಜು ಮಾರುತ್ತವೆ. ಸಿಕ್ಕರೆ ಅದೇ ನಿಶ್ಚಿಂತೆ.

ಇದಕ್ಕಿಂತ ಚೆನ್ನಾಗಿರುವ ದಾರಿ ಹಂಚಿಕೊಳ್ಳುವುದು. ನಾವು ಆಫೀಸಿನ ನಾಲ್ಕು ಜನ ಸೇರಿ ಎರ್ಮೆಸ್ ಅನ್ನುವ ಫ್ರೆಂಚ್ ಕಂಪನಿಯ ಟೆರ್ ದೆರ್ಮೆಸ್ ಸೆಂಟು ಒಂದು ಬಾಟಲಿ ತಂದೆವು. ತಲೆಗೆ 25 ಎಂ.ಎಲ್. ಹಂಚುವುದು ನಮ್ಮ ಮನೆಯ ಅಡುಗೆಮನೆ ಕಟ್ಟೆಯ ಮೇಲೆ ಅಂತಾಯಿತು. ಬಾಟಲಿಯ ಕತ್ತಿಗೆ ಲೋಹದ ಪಟ್ಟಿ ಅಮುಕಿರುತ್ತಾರೆ, ಮುಚ್ಚಳದ ಹಾಗೆ ತಿರುಗಿಸಿ ಬಿಚ್ಚಲು ಬರುವುದಿಲ್ಲ ಅಂತ ಆಗ ಗೊತ್ತಾಯಿತು. ಸರಿ, ಸೀಸೆಯ ಬಾಯಿಗೆ ಮೂತಿ ಹಿಡಿದು ಒತ್ತತೊಡಗಿದೆವು. 25 ಎಂ.ಎಲ್. ಅಂದರೆ 250 ಸಲ! ಎರಡನೇ ಸೀಸೆ ಅರ್ಧವಾಗುವಷ್ಟರಲ್ಲಿ ತೋರುಬೆರಳು ಮರಗಟ್ಟಿತು. ಮೂಗಿಗಂತೂ ಏನೂ ತಿಳಿಯುತ್ತಿರಲಿಲ್ಲ. ಅಮ್ಮ ಬಂದು, "ಇನ್ನೆರಡು ದಿನ ಈ ಮನೆಯ ಸಾರೆಲ್ಲ ಕಿತ್ತಳೆ ಸಿಪ್ಪೆ ವಾಸನೆ" ಅಂತ ಹೇಳಿ ಕಿಟಕಿ ತೆಗೆದು ಹೋದರು. ಆಮೇಲೆ ತಿಳಿಯಿತು, ಒತ್ತುವ ಗುಂಡಿಯನ್ನು ಮೇಲಕ್ಕೆ ಕಿತ್ತರೆ ಕೆಳಗೆ ಸಣ್ಣ ನಳಿಕೆ ಇರುತ್ತದೆ. ಅದಕ್ಕೆ ಕೂರುವ ಕೊಳವೆಯೊಂದು ಸಿಗುತ್ತದೆ, ಅದರಲ್ಲಿ ಗಾಳಿಗೆ ಹೋಗದೆ ಸೀದಾ ಸೀಸೆಗೆ ಇಳಿಯುತ್ತದೆ. ನೀವು ಮಾಡುವುದಾದರೆ ಮೊದಲೇ ಅದನ್ನು ತರಿಸಿಕೊಳ್ಳಿ.

ಮೈಮೇಲೆ ಒಂದು ದಿನ

ಮಾಲ್‌ನಲ್ಲಿ ಕೊಡುವ ಕಾಗದದ ಪಟ್ಟಿ ನಂಬಿ ದುಡ್ಡು ಕೊಡಬೇಡಿ. ಮೊದಲ ಹತ್ತು ನಿಮಿಷದಲ್ಲಿ ಬರುವುದು ನಿಂಬೆ, ಕಿತ್ತಳೆ, ಅದೇ ಜಾತಿಯ ಬರ್ಗಮಾಟ್‌ನಂಥ ಬೇಗ ಹಾರಿಹೋಗುವ ವಾಸನೆಗಳು. ಮೂಗು ಸೆಳೆಯುವುದು ಅವೇ. ನಿಮ್ಮ ಜೊತೆ ಇಡೀ ದಿನ ಇರುವುದು ಬೇರೆಯೇ. ಎಡಗೈಗೆ ಒಂದು, ಬಲಗೈಗೆ ಒಂದು, ಅಷ್ಟೇ. ಮಣಿಕಟ್ಟು ಉಜ್ಜಬೇಡಿ. ಮನೆಗೆ ಬನ್ನಿ, ಊಟ ಮಾಡಿ, ರಾತ್ರಿ ಮಲಗುವ ಮುಂಚೆ ಮತ್ತೆ ಮೂಸಿ ನೋಡಿ. ಅಂಗಡಿಯವರು ಮೂಗಿನ ಹತ್ತಿರ ಕಾಫಿ ಬೀಜ ಹಿಡಿಯುತ್ತಾರಲ್ಲ, ಅದರಿಂದ ನನಗೇನೂ ಉಪಯೋಗ ಕಂಡಿಲ್ಲ. ನಿಮ್ಮ ಅಂಗಿಯ ತೋಳನ್ನೇ ಒಂದು ಸಲ ಮೂಸಿದರೆ ಸಾಕು.

ಆ ಟೆರ್ ದೆರ್ಮೆಸ್ ನನ್ನ ಮೇಲೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಬೆಳಿಗ್ಗೆ ಎಂಟಕ್ಕೆ ಬನಿಯನ್ ಒಳಗೆ ಎದೆಗೆ ಎರಡು ಸ್ಪ್ರೇ. ಕೂಡಲೇ ಕಿತ್ತಳೆ, ಅದೂ ತಿರುಳಲ್ಲ, ಸಿಪ್ಪೆ ಸುಲಿಯುವಾಗ ಕಣ್ಣಿಗೆ ಹಾರುತ್ತದಲ್ಲ, ಆ ಖಾರ. ಒಂಬತ್ತೂವರೆಗೆ ಕ್ಯಾಬ್‌ನಲ್ಲಿ ಕರಿಮೆಣಸು ಬರುತ್ತದೆ, ಜೊತೆಗೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಚೆಲ್ಲಿದ ಹಾಗೆ ಏನೋ. ಹನ್ನೆರಡರ ಮೇಲೆ ಉಳಿಯುವುದು ಬೇರು. ಆ ವಾಸನೆ ಎಲ್ಲೋ ಗೊತ್ತಿದೆ ಅಂತ ಎರಡು ವಾರ ತಲೆ ಕೆರೆದುಕೊಂಡೆ. ಕೊನೆಗೆ ಹೊಳೆಯಿತು: ಲಾವಂಚ! ಅಜ್ಜಿ ಮನೆಯಲ್ಲಿ ಬೇಸಿಗೆಗೆ ಕುಡಿಯುವ ನೀರಿನ ಮಡಕೆಗೆ ಹಾಕುತ್ತಿದ್ದ ಅದೇ ಬೇರು. ಫ್ರೆಂಚರು ವೆಟಿವೆರ್ ಅಂತ ಕರೆಯುವುದು ಇದನ್ನೇ, ಆ ಪದದ ಮೂಲ ತಮಿಳಿನದು. ಜ್ಯಾನ್ ಕ್ಲೋಡ್ ಎಲೆನಾ 2006ರಲ್ಲಿ ಮಾಡಿದ ಈ ಸೆಂಟನ್ನು ನಾನು ಇಷ್ಟಪಟ್ಟಿದ್ದು ಅಜ್ಜಿಯ ಮಡಕೆಯಿಂದ ಅಂತ ತಿಳಿದಾಗ ನಗು ಬಂತು.

ಇದನ್ನು ಹತ್ತು ನಿಮಿಷದ ಕಾಗದದ ಪಟ್ಟಿ ಹೇಳುತ್ತಿರಲಿಲ್ಲ. ಆ ಪಟ್ಟಿ ನೋಡಿ ನಾನು ಹೇಳಿದ್ದು "ಕಿತ್ತಳೆ, ಸುಮಾರು" ಅಂತ ಮಾತ್ರ.

ಸೊವಾಜೋ, ಬ್ಲೂ ದ ಶನೆಲ್ಲೋ?

ಈ ಹವ್ಯಾಸಕ್ಕೆ ಬಂದವರೆಲ್ಲ ಒಮ್ಮೆಯಾದರೂ ಜಗಳವಾಡುವ ಜೋಡಿ ಇದು. ಡಿಯೋರ್‌ನ ಸೊವಾಜ್ ಬಂದದ್ದು 2015ರಲ್ಲಿ, ಶನೆಲ್‌ನ ಬ್ಲೂ 2010ರಲ್ಲಿ. ಸೊವಾಜ್ ಮೆಣಸು, ಬರ್ಗಮಾಟ್, ಮತ್ತೆ ಆಂಬ್ರಾಕ್ಸನ್ ಅನ್ನುವ ರಾಸಾಯನಿಕದ ಮೇಲೆ ನಿಂತದ್ದು. ದೂರದಿಂದಲೇ ತಿಳಿಯುತ್ತದೆ. ಅದೇ ಅದರ ಗುಣ, ಅದೇ ದೋಷ. ನಮ್ಮ ಆಫೀಸಿನ ಲಿಫ್ಟಿನಲ್ಲಿ ಸೋಮವಾರ ಬೆಳಿಗ್ಗೆ ಮೂರು ಜನ ಅದನ್ನೇ ಹಾಕಿಕೊಂಡು ನಿಂತಿರುತ್ತಾರೆ. ಬ್ಲೂ ಹತ್ತಿರ ಬಂದವರಿಗೆ ಮಾತ್ರ ಕೇಳಿಸುವಂಥದ್ದು: ಚಕ್ಕೋತದಂಥ ಹುಳಿ, ಶುಂಠಿ, ಆಮೇಲೆ ಮರ. ಮೀಟಿಂಗು, ಇಂಟರ್‌ವ್ಯೂ, ಮಾವನ ಮನೆ, ಎಲ್ಲಿಗೆ ಬೇಕಾದರೂ ಹಾಕಿಕೊಂಡು ಹೋಗಬಹುದು. ಎರಡರಲ್ಲಿ ಒಂದನ್ನೇ ಕೊಳ್ಳಬೇಕು ಅಂದರೆ ನನ್ನ ಓಟು ಬ್ಲೂಗೆ.

ಆಂಬ್ರಾಕ್ಸನ್ ಬಗ್ಗೆ ಒಂದು ಮಾತು. ಕೆಲವರ ಮೂಗಿಗೆ ಇದು ಸರಿಯಾಗಿ ಹತ್ತುವುದೇ ಇಲ್ಲ, ಇನ್ನು ಕೆಲವರಿಗೆ ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ. "ಒಂದು ಗಂಟೆಗೇ ಹೋಯ್ತು" ಅಂತ ಮತ್ತೆ ನಾಲ್ಕು ಹೊಡೆದುಕೊಳ್ಳುವುದು ಇದರಿಂದಲೇ. ಹೋಗಿರುವುದಿಲ್ಲ, ನಿಮ್ಮ ಮೂಗು ಒಗ್ಗಿಕೊಂಡಿರುತ್ತದೆ ಅಷ್ಟೇ. ಮನೆಯವರನ್ನು ಕೇಳಿ ನೋಡಿ.

ಬಾಟಲಿಯ ಮೇಲಿನ ಇಡಿಟಿ (ಓ ದ ಟ್ವಾಲೆಟ್), ಇಡಿಪಿ (ಓ ದ ಪರ್ಫ್ಯೂಮ್), ಪರ್ಫ್ಯೂಮ್: ಇವು ಒಳಗಿನ ಸುವಾಸನೆ ಎಣ್ಣೆಯ ಪ್ರಮಾಣದ ಮಾತು. ಅಂದಾಜು ಹೇಳುವುದಾದರೆ ಇಡಿಟಿಯಲ್ಲಿ ನೂರಕ್ಕೆ 5ರಿಂದ 15, ಇಡಿಪಿಯಲ್ಲಿ 15ರಿಂದ 20, ಪರ್ಫ್ಯೂಮ್‌ನಲ್ಲಿ ಅದಕ್ಕೂ ಮೇಲೆ. ಆದರೆ ಒಂದೇ ಹೆಸರಿನ ಇಡಿಪಿ ಅಂದರೆ ಇಡಿಟಿಯ ಗಟ್ಟಿ ಡಿಕಾಕ್ಷನ್ ಅಲ್ಲ. ವಾಸನೆಯೇ ಬದಲಾಗಿರುತ್ತದೆ. ಸೊವಾಜ್ ಇಡಿಪಿಯಲ್ಲಿ ವೆನಿಲಾ ಮುಂದೆ ಬರುತ್ತದೆ. ಬ್ಲೂ ಪರ್ಫ್ಯೂಮ್‌ನಲ್ಲಿ ಗಂಧ ಜಾಸ್ತಿ, ಅದೂ ನಮ್ಮ ಮೈಸೂರಿನದಲ್ಲ, ನ್ಯೂ ಕ್ಯಾಲೆಡೋನಿಯಾ ದ್ವೀಪದ್ದು. ಇಡಿಟಿ ಇಷ್ಟವಾಯಿತು ಅಂತ ಇಡಿಪಿಯನ್ನು ಕಣ್ಣುಮುಚ್ಚಿ ಕೊಳ್ಳಬೇಡಿ.

ದುಬೈ ಕ್ಲೋನು

ಕ್ಲೋನ್ ಬೇರೆ, ಡೂಪ್ಲಿಕೇಟ್ ಬೇರೆ. ಇದನ್ನು ಗಲಿಬಿಲಿ ಮಾಡಿಕೊಳ್ಳಬೇಡಿ. ಫುಟ್‌ಪಾತಿನಲ್ಲಿ "ಫಸ್ಟ್ ಕಾಪಿ ಸಾರ್" ಅಂತ ಮಾರುವುದು ಡೂಪ್ಲಿಕೇಟ್. ಹೆಸರೂ ಬಾಟಲಿಯೂ ಕದ್ದದ್ದು, ಒಳಗಿನದು ಏನೋ ದೇವರಿಗೇ ಗೊತ್ತು. ಮೈಗೆ ಹಚ್ಚುವ ವಸ್ತು, ಆಟವಾಡಬೇಡಿ. ಕ್ಲೋನ್ ಅಂದರೆ ತನ್ನದೇ ಹೆಸರಿನಲ್ಲಿ, ತನ್ನದೇ ಬಾಟಲಿಯಲ್ಲಿ, ಇನ್ನೊಂದರ ವಾಸನೆಯ ಹತ್ತಿರ ಹೋಗುವಂಥದ್ದು. ಅರ್ಮಾಫ್, ಲತಾಫಾ ಕಂಪನಿಗಳು ಇದರಲ್ಲೇ ಹೆಸರು ಮಾಡಿವೆ.

ಹೆಚ್ಚು ಮಾತು ನಡೆಯುವುದು ಅರ್ಮಾಫ್‌ನ ಕ್ಲಬ್ ದ ನುಯಿ ಇಂಟೆನ್ಸ್ ಮ್ಯಾನ್ ಬಗ್ಗೆ. ಅದು ಕ್ರೀಡ್ ಕಂಪನಿಯ ಅವೆಂಟಸ್‌ನ ದಾರಿ ಹಿಡಿದದ್ದು. ಬೆಲೆ ಅವೆಂಟಸ್‌ನ ಹತ್ತನೇ ಒಂದು ಭಾಗದ ಆಸುಪಾಸು. ನಾನು ಇದನ್ನು ಅವೆಂಟಸ್‌ನ 3 ಎಂ.ಎಲ್. ಡಿಕ್ಯಾಂಟ್ ಜೊತೆ ಕೈಗೊಂದರಂತೆ ಹಾಕಿ ನೋಡಿದ್ದೇನೆ. ಮೊದಲ ಅರ್ಧ ಗಂಟೆ ಯಾವುದು ಯಾವುದು ಅಂತ ಮಕ್ಕಳೂ ಹೇಳುತ್ತಾರೆ. ಅವೆಂಟಸ್‌ನಲ್ಲಿ ಹೆಚ್ಚಿದ ಅನಾನಸ್ ಇದ್ದರೆ, ಅರ್ಮಾಫ್‌ನಲ್ಲಿ ನಿಂಬೆ ಮೂಗಿಗೆ ಚುಚ್ಚುತ್ತದೆ, ನೆಲ ಒರೆಸುವ ಲಿಕ್ವಿಡ್ ನೆನಪಾಗುತ್ತದೆ. ಎರಡು ಗಂಟೆ ಕಳೆದ ಮೇಲೆ ಎರಡೂ ಕೈಯಲ್ಲಿ ಹೊಗೆ ಹಿಡಿದ ಮರದ ವಾಸನೆ. ಆಗ ನನ್ನ ಹೆಂಡತಿಗೆ ವ್ಯತ್ಯಾಸ ತಿಳಿಯಲಿಲ್ಲ, ನನಗೆ ತಿಳಿಯಿತು ಅಂದುಕೊಂಡೆ, ಅಷ್ಟೇ. ಬೆಳಿಗ್ಗೆ ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ ಹಾಕಿಕೊಂಡರೆ ಆ ನಿಂಬೆ ಮನೆಯಲ್ಲೇ ಮುಗಿಯುತ್ತದೆ. ಮೂರು ಸಾವಿರದೊಳಗೆ ಇಡೀ ದಿನ ನಿಲ್ಲುವುದು ಬೇಕು ಅಂದರೆ ಇದಕ್ಕೆ ಹೆದರಬೇಕಿಲ್ಲ. ಎರಡೇ ಸ್ಪ್ರೇ. ನಾಲ್ಕು ಹೊಡೆದರೆ ಕ್ಯಾಬ್ ಡ್ರೈವರ್ ಎಸಿ ಆರಿಸಿ ಕಿಟಕಿ ಇಳಿಸುತ್ತಾನೆ.

ನಮ್ಮ ದೇಶದ ಕಂಪನಿಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ನನ್ನ ಅನುಭವ ಕಡಿಮೆ. ಬೆಂಗಳೂರಿನ ಟೈಟನ್ 2013ರಲ್ಲಿ ಸ್ಕಿನ್ ಅನ್ನುವ ಸೆಂಟಿನ ಬ್ರ್ಯಾಂಡ್ ಶುರು ಮಾಡಿತು. ಶೋರೂಮಿನಲ್ಲಿ ಮೂಸಿ ನೋಡಿ ಕೊಳ್ಳಬಹುದು, ಚಿಕ್ಕ ಬಾಟಲಿ ಸಿಗುತ್ತದೆ, ಡೂಪ್ಲಿಕೇಟಿನ ಭಯ ಇಲ್ಲ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲ ಉಡುಗೊರೆಯಾಗಿ ನಾನು ಕೊಡುವುದು ಇದನ್ನೇ. ಇನ್ನು ಅಜ್ಮಲ್. ದುಬೈ ಕಂಪನಿ ಅಂತ ಎಲ್ಲರೂ ತಿಳಿದಿದ್ದಾರೆ. ಅದನ್ನು 1951ರಲ್ಲಿ ಮುಂಬೈಯಲ್ಲಿ ಶುರು ಮಾಡಿದವರು ಅಸ್ಸಾಮಿನ ಹೊಜಾಯ್‌ನವರು.

ಅತ್ತರು, ಮತ್ತೆ ಆ ಗಂಧದೆಣ್ಣೆ

ಗಂಡಸು ಘಮಘಮ ಅನ್ನುವುದು ನಮಗೆ ಹೊಸತೇನಲ್ಲ. ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಕೈಗೆ ಗಂಧ ಹಚ್ಚುತ್ತಾರಲ್ಲ, ಅಲ್ಲಿ ಯಾರೂ "ಇದು ಮೆನ್ಸಾ?" ಅಂತ ಕೇಳುವುದಿಲ್ಲ.

ಅತ್ತರಿನಲ್ಲಿ ಸ್ಪಿರಿಟ್ ಇಲ್ಲ, ಎಣ್ಣೆ ಮಾತ್ರ. ಹಾಗಾಗಿ ಗಾಳಿಯಲ್ಲಿ ಹರಡುವುದು ಕಡಿಮೆ, ಮೈಗಂಟಿಕೊಂಡು ಇರುವುದು ಜಾಸ್ತಿ. ಕಿವಿಯ ಹಿಂದೆ, ಮಣಿಕಟ್ಟಿಗೆ ಒಂದೊಂದು ಬೊಟ್ಟು. ಬಿಳಿ ಅಂಗಿಗೆ ತಗಲಿಸಬೇಡಿ, ಕಲೆ ಹೋಗುವುದಿಲ್ಲ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಇಂದಿಗೂ ತಾಮ್ರದ ಹಂಡೆಯಲ್ಲಿ ಹೂವು, ನೀರು ಹಾಕಿ ಸೌದೆ ಉರಿಯಲ್ಲಿ ಕಾಯಿಸುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು, ಗಂಧದೆಣ್ಣೆ ಇರುವ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಗಂಧದೆಣ್ಣೆ ದುಬಾರಿಯಾದ ಮೇಲೆ ಅದರ ಬದಲು ಪ್ಯಾರಾಫಿನ್ ಎಣ್ಣೆ ಬಳಸುವವರು ಜಾಸ್ತಿಯಾಗಿದ್ದಾರೆ. ಕೊಳ್ಳುವಾಗ "ಬೇಸ್ ಯಾವುದು?" ಅಂತ ಕೇಳಿ. ಉತ್ತರ ತಡವರಿಸಿದರೆ ಬೆಲೆಯೂ ಕಡಿಮೆ ಇರಬೇಕು. ಮೊದಲ ಸಲ ಕೊಳ್ಳುವವರಿಗೆ ಎರಡು ಹೇಳುತ್ತೇನೆ. ಬೇಸಿಗೆಗೆ ಲಾವಂಚದ್ದು, ಅಲ್ಲಿ ಖಸ್ ಅನ್ನುತ್ತಾರೆ. ಇನ್ನೊಂದು ಮಿಟ್ಟಿ, ಸುಟ್ಟ ಮಣ್ಣಿನಿಂದ ಇಳಿಸಿದ್ದು, ಮೊದಲ ಮಳೆ ಬಿದ್ದಾಗಿನ ವಾಸನೆ. ಎರಡೂ 3 ಎಂ.ಎಲ್. ಸಾಕು, ವರ್ಷ ಬರುತ್ತದೆ.

ಗಂಧದೆಣ್ಣೆಯಲ್ಲಿ ನಾನೇ ಟೋಪಿ ಹಾಕಿಸಿಕೊಂಡವನು. ಒಂದು ಮಾರ್ಕೆಟ್ಟಿನಲ್ಲಿ "ಶುದ್ಧ ಮೈಸೂರು ಸ್ಯಾಂಡಲ್" ಅಂತ 10 ಎಂ.ಎಲ್.ಗೆ ಮುನ್ನೂರೈವತ್ತು ಕೊಟ್ಟು ತಂದೆ. ಘಾಟು ಅಂದರೆ ಘಾಟು! ಅಪ್ಪ ಒಂದು ಸಲ ಮೂಸಿ, ದೇವರಮನೆಗೆ ಹೋಗಿ, ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯ್ದು ನನ್ನ ಅಂಗೈಗೆ ಹಚ್ಚಿದರು. ಮೆತ್ತಗೆ, ಹಾಲಿನ ಕೆನೆಯ ಹಾಗೆ, ಅಷ್ಟೇನೂ ಜೋರಿಲ್ಲ. "ಇದು ಗಂಧ. ಅದು ಊದಿನಕಡ್ಡಿ" ಅಂದರು. ಆಮೇಲೆ ಲೆಕ್ಕ ಹಾಕಿದೆ. ಕಿಲೋಗೆ ಬರೀ ಒಂದು ಲಕ್ಷ ಅಂತ ಹಿಡಿದರೂ 10 ಎಂ.ಎಲ್.ಗೆ ಸಾವಿರದ ಹತ್ತಿರ ಆಯಿತು, ನಿಜವಾದ ಬೆಲೆ ಅದಕ್ಕೂ ಮೇಲೆ. ಮುನ್ನೂರೈವತ್ತಕ್ಕೆ ಹೇಗೆ ಕೊಟ್ಟಾರು? ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ ಮೈಸೂರಿನಲ್ಲೇ ಎಣ್ಣೆ ತೆಗೆಯುವ ಸರ್ಕಾರಿ ಕಾರ್ಖಾನೆ ಶುರುವಾಯಿತು. ನಿಜವಾದದ್ದೇ ಬೇಕು ಅಂದರೆ ಸರ್ಕಾರಿ ಸಂಸ್ಥೆ ಕೆಎಸ್‌ಡಿಎಲ್‌ನ ಸೀಲಿರುವುದನ್ನೇ ಕೊಳ್ಳಿ, ಬೆಲೆಗೆ ಮನಸ್ಸು ಗಟ್ಟಿ ಮಾಡಿಕೊಂಡು.

ಬೇರೆಯವರ ಮಾತು, ನಿಮ್ಮ ಮಾತು

"ಹನ್ನೆರಡು ಗಂಟೆ ನಿಲ್ಲುತ್ತೆ ಗುರೂ" ಅಂತ ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಿ. ಎಷ್ಟು ಸ್ಪ್ರೇ? ಎಲ್ಲಿ, ಮೈಗೋ ಬಟ್ಟೆಗೋ? ಯಾವ ಊರು, ಯಾವ ತಿಂಗಳು? ಕಲಬುರಗಿಯ ಮೇ ತಿಂಗಳಲ್ಲಿ ನಿಂಬೆ, ಕಿತ್ತಳೆ ಬೇಗ ಆವಿಯಾಗುತ್ತವೆ, ಸಿಹಿ ಸೆಂಟು ಉಬ್ಬಿ ಬರುತ್ತದೆ. ಮಂಗಳೂರಿನ ಸೆಕೆಯಲ್ಲಿ ಬೆವರಿನ ಜೊತೆ ಸೇರುವುದರಿಂದ ಹಗುರವಾದ ನೀರಿನಂಥ ಸೆಂಟೇ ವಾಸಿ. ಅಲ್ಲಿಯ ನನ್ನ ಗೆಳೆಯ ಇಂದಿಗೂ ಡೇವಿಡಾಫ್‌ನ ಕೂಲ್ ವಾಟರ್ ಬಿಟ್ಟಿಲ್ಲ, 1988ರ ಸೆಂಟು ಅದು. ಬೆಂಗಳೂರಿನ ಎಸಿಯಲ್ಲಿ ಕೂತು ಬರೆದ ಅಭಿಪ್ರಾಯ ಈ ಇಬ್ಬರಿಗೂ ಕೆಲಸಕ್ಕೆ ಬರುವುದಿಲ್ಲ.

ನೀವು ನಿಮ್ಮ ಖರೀದಿ ಹಂಚಿಕೊಳ್ಳುವಾಗಲೂ ಅಷ್ಟೇ. ಡಬ್ಬದ ಫೋಟೋ ಎಲ್ಲರೂ ಹಾಕುತ್ತಾರೆ. ಅದರ ಜೊತೆಗೆ ಕೊಟ್ಟ ಬೆಲೆ, ಎಷ್ಟು ದಿನ ಹಾಕಿದ್ದೀರಿ, ಮನೆಯವರು ಏನೆಂದರು ಅಂತ ಬರೆಯಿರಿ. ಬಾಟಲಿ ಬಂದ ದಿನವೇ ಬರೆಯಬೇಡಿ. ಆವತ್ತು ದುಡ್ಡು ಕೊಟ್ಟ ಖುಷಿ ಮಾತಾಡುತ್ತಿರುತ್ತದೆ. ವಿದೇಶಿ ಬಾಟಲಿಯಾದರೆ ಡಬ್ಬದ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ತಿಂಗಳು ಇರುವ ಚೀಟಿ ಇದೆಯಾ ನೋಡಿ, ಇಲ್ಲದಿದ್ದರೆ ಅದನ್ನೂ ಹೇಳಿ.

ಬಚ್ಚಲುಮನೆಯ ಕಪಾಟಿನಲ್ಲಿ ಇಡಬೇಡಿ. ಬಿಸಿ, ತೇವ, ಬೆಳಕು ಮೂರೂ ಸೆಂಟಿಗೆ ಶತ್ರು. ಬೀರುವೇ ಸರಿ.

ನಾನು ಈಗ ಹೊಸದಾಗಿ ಶುರು ಮಾಡುವುದಾದರೆ? ಬ್ಲೂ ದ ಶನೆಲ್, ಟೆರ್ ದೆರ್ಮೆಸ್, ಅರ್ಮಾನಿಯ ಅಕ್ವಾ ಡಿ ಜಿಯೊ, ಮೂರರದ್ದೂ 5 ಎಂ.ಎಲ್. ತರಿಸುತ್ತೇನೆ. ಜೊತೆಗೆ 3 ಎಂ.ಎಲ್. ಲಾವಂಚದ ಅತ್ತರು. ಒಂದೊಂದನ್ನು ಎರಡು ವಾರ ಹಾಕುತ್ತೇನೆ. ಯಾವ ಸೀಸೆ ಮೊದಲು ಖಾಲಿಯಾಯಿತೋ ಅದರ 50 ಎಂ.ಎಲ್. ಕೊಳ್ಳುತ್ತೇನೆ. ನೂರು ಖಂಡಿತ ಇಲ್ಲ.

ಮೆಟ್ರೋದಲ್ಲಿ ಮಾನ ಕಳೆದ ಆ ಸಿಹಿ ಬಾಟಲಿ ಏನಾಯಿತು ಅಂತ ಕೇಳುತ್ತೀರಾ? ಹೋದ ವರ್ಷ ತೊಂಬತ್ತು ಎಂ.ಎಲ್. ಹಾಗೇ ಅಕ್ಕನ ಮಗನಿಗೆ ಕೊಟ್ಟುಬಿಟ್ಟೆ. ಅವನು ಓದುವುದು ಶಿವಮೊಗ್ಗದಲ್ಲಿ. ಡಿಸೆಂಬರ್ ಕೊನೆಗೆ ಅಲ್ಲಿಗೆ ಹೋಗಿದ್ದೆ. ಬೆಳಿಗ್ಗೆ ಆರಕ್ಕೆ ಸ್ವೆಟರ್ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದ. ಬೈಕಿನಲ್ಲಿ ಅವನ ಹಿಂದೆ ಕೂತೆ. ಆ ಚಳಿಯಲ್ಲಿ, ಆ ಉಣ್ಣೆಯಿಂದ, ಎಷ್ಟು ಚೆನ್ನಾಗಿತ್ತು ಅಂತೀರಿ! "ಯಾವುದೋ ಇದು?" ಅಂತ ಕೇಳಿದೆ. "ಮಾಮ, ನೀವೇ ಕೊಟ್ಟಿದ್ದಲ್ವಾ" ಅಂದ.

ವಾಪಸ್ ಕೇಳಲು ಬಾಯಿ ಬರಲಿಲ್ಲ.